ಮಾವ ಅಳೆದು ಆರಿಸಿದ ಹುಟ್ಟು

ಕಾಯಿಲೆಯಿಂದ ತೀರಿಕೊಂಡ ಮಗಳ ದೋಣಿಯ ಹುಟ್ಟಿಗೆ ಇಂದು ಅಗಸೆ ಎಣ್ಣೆ ಸವರುವಾಗ, ಆ ವಾಸನೆ ನನ್ನನ್ನು ಬಾಲ್ಯದ ಕೆರೆಯಂಗಳಕ್ಕೆ ಒಯ್ದಿತು.

ಒಬ್ಬರೇ ಕೂರುವ ದೋಣಿಗೆಂದು ಸೋದರಮಾವ ನನ್ನನ್ನು ಬೆಂಚಿನ ಮೇಲೆ ಕೂರಿಸಿ, ಹುಟ್ಟಿನ ಹಿಡಿಯನ್ನು ಬೆಂಚಿಗೂರಿ, ಅಲಗು ಶುರುವಾಗುವವರೆಗಿನ ಕೋಲು ನನ್ನ ಮೂಗಿನ ಮಟ್ಟಕ್ಕೆ ಬರುವಂಥ ಹುಟ್ಟನ್ನು ಆರಿಸಿದರು.

“ಇದು ಸಾಕು ಕಣೋ. ಉದ್ದದ್ದು ಹಿಡಿದ್ರೆ ಭುಜ ಬಿದ್ದೋಗುತ್ತೆ.”

ಉದ್ದವಿದ್ದಷ್ಟೂ ಬಲ ಹೆಚ್ಚೆಂದು ನಾನು ಪಟ್ಟುಬಿಡದೆ ವಾದಿಸಿದೆ.

“ಆಯ್ತು ಬುಡಪ್ಪ, ಲಾಯರ್ ಸಾಹೇಬ,” ಎಂದು ಮಾವ ಉದ್ದದ್ದನ್ನೇ ಕೊಟ್ಟರು.

ನಡುಗೆರೆಯಲ್ಲಿ ತೋಳು ಸೋತಿತು. ಮಾವ ಉಟ್ಟ ಪಂಚೆಯಲ್ಲೇ ಈಜಿ ಬಂದು ದೋಣಿಯನ್ನು ಎಳೆದು ತಂದರು. ದಡದಲ್ಲಿ ಅಪ್ಪ ಗದರಿದಾಗ, “ಈ ಹುಟ್ಟು ಮಾವ ಕೊಟ್ಟಿದ್ದು,” ಎಂದಷ್ಟೇ ಹೇಳಿದೆ. ಅಪ್ಪನ ಬೈಗುಳವನ್ನೆಲ್ಲ ಮಾವ ತಲೆತಗ್ಗಿಸಿ ಕೇಳಿಸಿಕೊಂಡರು.

ಕಾಲೇಜಿನಲ್ಲಿ ಗೆದ್ದ ಚರ್ಚಾಸ್ಪರ್ಧೆಗಳನ್ನೆಲ್ಲ ಮಗಳಿಗೆ ವರ್ಣಿಸಿದ್ದೇನೆ. ಇದನ್ನು ಹೇಳುವ ಧೈರ್ಯ ಅವಳಿದ್ದಾಗ ನನಗೆ ಬರಲಿಲ್ಲ.