ಹಳೇದು ತೆಗಿ

ಅಫಜಲಪುರದ ಆ ಖಾಸಗಿ ಆಸ್ಪತ್ರೆಯಲ್ಲಿ ಪಂಚಶೀಲಾಳ ಹೆಸರು ಅರ್ಧ ಮಂದಿಗೆ ಗೊತ್ತಿರಲಿಲ್ಲ. ಎಲ್ಲರಿಗೂ ಅವಳು ಕಂಪ್ಯೂಟರ್ ಬಾಯಿ, ಕಂಪ್ಯೂಟರ್ ನೋಡಿಕೊಳ್ಳುವ ಹೆಂಗಸು. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ಕಂಪ್ಯೂಟರ್ ಬಾಯಿ, ನೆಟ್ ಹೋದರೆ ಕಂಪ್ಯೂಟರ್ ಬಾಯಿ, ಡಾಕ್ಟರ ಕೋಣೆಯ ಟಿವಿಯಲ್ಲಿ ಕ್ರಿಕೆಟ್ ಬರದಿದ್ದರೂ ಕಂಪ್ಯೂಟರ್ ಬಾಯಿ. ಎಲ್ಲ ನೆಟ್ಟಗೆ ನಡೆದ ದಿನ ಅವಳೊಬ್ಬಳು ಅಲ್ಲಿದ್ದಾಳೆಂಬುದೇ ಯಾರಿಗೂ ನೆನಪಾಗುತ್ತಿರಲಿಲ್ಲ. ಕೆಟ್ಟ ದಿನ ಮಾತ್ರ ಎಲ್ಲರ ಬಾಯಲ್ಲೂ ಅವಳೇ. ಈ ಕೆಲಸದ ಹಣೆಬರಹವೇ ಹಾಗೆ, ಗೊತ್ತಿದ್ದೇ ಬಂದವಳು ಅವಳು.

ಅವಳು ಗೊಬ್ಬೂರಿನವಳು. ಅಪ್ಪ ದತ್ತಪ್ಪ ಮಂದಿಯ ಹೊಲದಲ್ಲಿ ತೊಗರಿ ಕೊಯ್ದು, ಕಬ್ಬು ಕಡಿದು, ಮಗಳನ್ನು ಕಲಬುರಗಿಯಲ್ಲಿ ಬಿಸಿಎ ಓದಿಸಿದ. ಓದು ಮುಗಿದ ವರ್ಷವೇ ಅವನು ತೀರಿಕೊಂಡ. ಮನೆಯಲ್ಲಿ ಉಳಿದವರು ಅವಳು ಮತ್ತು ತಾಯಿ ಭಾಗಮ್ಮ. ಆಳಂದದ ಒಂದು ರಿಪೇರಿ ಅಂಗಡಿಯಲ್ಲಿ ಮೊದಲ ಕೆಲಸ ಸಿಕ್ಕಿತು. ಹೆಣ್ಣುಮಗಳು ಸ್ಕ್ರೂಡ್ರೈವರ್ ಹಿಡಿದರೆ ಗಿರಾಕಿ ಬೆದರುತ್ತಾನೆಂದು ಅಂಗಡಿಯವನು ಅವಳಿಗೆ ಬರೀ ಧೂಳು ಹೊಡೆಯಲು ಹಚ್ಚಿದ. ಅವನು ಊಟಕ್ಕೆ ಹೋದಾಗ ಬಿಚ್ಚಿ ನೋಡಿ ನೋಡಿ ಅವಳು ಕಲಿತಳು. ಆಮೇಲೆ ಜೇವರ್ಗಿಯ ಒಂದು ಖಾಸಗಿ ಕಾಲೇಜಿನ ಲ್ಯಾಬು. ವಿದ್ಯಾರ್ಥಿಗಳು ಬಾರದೆ ಕಾಲೇಜೇ ಬಾಗಿಲು ಹಾಕಿಕೊಂಡಿತು. ಅಲ್ಲಿಂದ ಈ ಆಸ್ಪತ್ರೆ. ಇಲ್ಲಿ ಪ್ರತಿ ವರ್ಷ ಹೊಸ ಗುತ್ತಿಗೆ, ಪ್ರತಿ ವರ್ಷ ಅದೇ ಮಾತು.

"ಮುಂದಿನ ವರ್ಷ ಖಾಯಂ ಮಾಡೂಣು, ಬಾಯಿ. ನಾ ಅದೀನಲ್ಲ," ಎನ್ನುತ್ತಿದ್ದರು ಆಸ್ಪತ್ರೆಯ ಯಜಮಾನ ಡಾಕ್ಟರ್ ಕಲ್ಯಾಣಕುಮಾರ.

ಕೊನೆಗೆ ಈ ಸಲ ಆ ಮಾತಿಗೆ ಕಾಲು ಬಂತು. ದೀಪಾವಳಿ ಕಳೆದ ಮೇಲೆ ಆದೇಶ ಕೊಡುವುದೆಂದು ಡಾಕ್ಟರು ನಾಲ್ಕು ಜನರ ಮುಂದೆಯೇ ಹೇಳಿದರು. ಖಾಯಂ ಎಂದರೆ ಭಾಗಮ್ಮ ಇನ್ನು ಕೂಲಿಗೆ ಹೋಗುವುದು ಬೇಡ. ಖಾಯಂ ಎಂದರೆ ಪ್ರತಿ ಮಾರ್ಚಿನಲ್ಲಿ ಡಾಕ್ಟರ ಕೋಣೆಯ ಹೊರಗೆ ಕೈಕಟ್ಟಿ ನಿಲ್ಲುವುದು ಬೇಡ. ಪಂಚಶೀಲಾ ತಾಯಿಗೆ ಹೇಳಿದಳು, ತಾಯಿ ಓಣಿಗೆಲ್ಲ ಹೇಳಿದಳು. ಹೇಳಬಾರದಿತ್ತು ಎಂದು ಆಮೇಲೆ ಅನಿಸಿತು, ಆದರೆ ಸಂತೋಷಕ್ಕೆ ಬಾಯಿ ಕಟ್ಟುವುದು ಯಾರಿಂದಾದೀತು!

ಆಸ್ಪತ್ರೆಯಲ್ಲಿ ಅವಳನ್ನು ಅಕ್ಕಾ ಎಂದು ಕರೆಯುತ್ತಿದ್ದವಳು ಒಬ್ಬಳೇ, ಚೀಟಿ ಮಾಡುವ ಕೌಂಟರಿನ ಸೀಮಾ. ಮಣ್ಣೂರಿನ ಸೊಸೆ. ಹೊಸಿಲು ದಾಟಿ ದುಡಿಯಲು ಬಂದ ಆ ಮನೆಯ ಮೊದಲ ಹೆಣ್ಣು. ಮಾವನಿಗೆ ಇದು ಒಂಚೂರೂ ಸರಿಬಂದಿರಲಿಲ್ಲ. ಏನಾದರೂ ರಗಳೆಯಾದರೆ ಅಂದೇ ಮನೆಗೆ ಎಂದು ಹೇಳಿಯೇ ಕಳಿಸಿದ್ದ. ಮೌಸ್ ಹಿಡಿಯುವುದರಿಂದ ಹಿಡಿದು ಎಲ್ಲವನ್ನೂ ಅವಳಿಗೆ ಕಲಿಸಿದ್ದು ಪಂಚಶೀಲಾ. ಕೆಲಸದ ಜೊತೆಗೆ ಬುದ್ಧಿಮಾತನ್ನೂ ಕಲಿಸುತ್ತಿದ್ದಳು. ಅದು ಅವಳಿಗೆ ಅಂಟಿದ ಚಟ.

"ನೋಡ್ ಬೇ, ಪಾಸ್‌ವರ್ಡ್ ಅಂದ್ರ ನಿನ್ನ ಹೆಬ್ಬೆಟ್ಟು. ಯಾರರೆ ಹಿಡದು ಒತ್ತಲಿ, ಒತ್ತಿದಾಕಿ ನೀನೇ ಆಗ್ತಿ. ನಾ ಕೇಳಿದ್ರೂ ಕೊಡಬ್ಯಾಡ. ಮತ್ತ ಬಾಯಿಮಾತಿನ ಮ್ಯಾಲ ಏನೂ ಅಳಿಸಬ್ಯಾಡ. ಬರದು ಕೊಡ್ರಿ ಅನ್ನು."

"ಡಾಕ್ಟರು ಕೇಳಿದ್ರ?"

"ಡಾಕ್ಟರಿಗೂ ಅದೇ ಮಾತು. ಈ ಕೆಲಸದಾಗ ಅಂಜಿದಾಕಿ ಮೊದಲು ಸಾಯ್ತಾಳ."

ಹೇಳುವುದು ಸುಲಭ. ಪಂಚಶೀಲಾ ತಾನೇ ಒಂದು ಕಡೆ ಅಂಜಿದ್ದಳು. ಆಸ್ಪತ್ರೆಯ ದೊಡ್ಡ ಕಂಪ್ಯೂಟರಿನಲ್ಲಿ ಜಾಗ ತುಂಬಿ ಬಂದಾಗ ಹಿಂದಿನ ವರ್ಷಗಳ ರೋಗಿಗಳ ದಾಖಲೆಗಳನ್ನೆಲ್ಲ, ಎದೆಯ ಪರೀಕ್ಷೆ, ರಕ್ತದ ವರದಿ, ಸ್ಕ್ಯಾನಿಂಗ್ ಚಿತ್ರ, ಬೇರೆ ಡಿಸ್ಕಿಗೆ ಹಾಕಲು ಅನುಕೂಲವಾಗಲೆಂದು ಒಂದು ಫೋಲ್ಡರಿಗೆ ಸರಿಸಿ ಅದಕ್ಕೆ ‘ಹಳೇದು’ ಎಂದು ಹೆಸರಿಟ್ಟಿದ್ದಳು. ಇವುಗಳ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿ ಇರಲೇಬೇಕು ಎಂದು ಡಾಕ್ಟರಿಗೆ ಎರಡು ಸಲ ಹೇಳಿದಳು. ನೋಡೋಣ ಎಂದರು. ಮೂರನೆಯ ಸಲ ಕೇಳಬೇಕೆನ್ನುವಾಗ ಖಾಯಂ ಮಾತು ಎದ್ದಿತ್ತು. ಈಗ ಹೋಗಿ ತಲೆ ತಿನ್ನುವುದು ಬೇಡ, ಆದೇಶ ಕೈಗೆ ಬರಲಿ ಎಂದು ಸುಮ್ಮನಾದಳು. ಆ ಫೋಲ್ಡರಿಗೆ ಸರಿಯಾದ ಹೆಸರಿಡಲೂ ಇಲ್ಲ. ಅದು ಹಳೇದಾಗಿಯೇ ಉಳಿಯಿತು.

ದೀಪಾವಳಿಗೆ ಇನ್ನೂ ಕೆಲವು ದಿನವಿದ್ದಾಗ ಒಂದು ಸೋಮವಾರ ಬೆಳಿಗ್ಗೆ ಅವಳು ಬಸ್ಸಿನಲ್ಲಿದ್ದಳು. ಸೋಮವಾರ ಬಂದರೆ ಆಸ್ಪತ್ರೆಯ ಮುಂದೆ ಹಳ್ಳಿಗಳ ಜನ ಹೊತ್ತು ಮೂಡುವ ಮೊದಲೇ ಸಾಲು ಹಚ್ಚುತ್ತಾರೆ. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ, ಅವಳು ಕಂಬಿಗೆ ಜೋತು ನಿಂತಿದ್ದಳು. ಫೋನು ಬಂತು. ಆಚೆ ಸೀಮಾ.

"ಅಕ್ಕಾ, ಎಲ್ಲಾ ಬಂದ್ ಆಗ್ಯಾದ. ಒಂದೂ ಚೀಟಿ ಬರವಲ್ದು. ಜಾಗ ಇಲ್ಲ ಅಂತ ಕೆಂಪ ಅಕ್ಷರ ಬರಾಕತ್ತಾವ. ಮಂದಿ ಒದರ್ಯಾಡಾಕತ್ತಾರ."

"ನಾ ಬರಾಕತ್ತೇನಿ. ಏನೂ ಮುಟ್ಟಬ್ಯಾಡ."

ಅಷ್ಟರಲ್ಲಿ ಫೋನು ಡಾಕ್ಟರ ಕೈಗೆ ಹೋಯಿತು. "ಪಂಚಶೀಲಾ ಬಾಯಿ, ನೀವು ಬರೂತನ ಇಲ್ಲಿ ಮಂದಿ ನನ್ನ ಬಾಗಿಲಾ ಮುರೀತಾರ. ನಿಮ್ಮ ಪಾಸ್‌ವರ್ಡ್ ಈ ಹುಡುಗಿಗಿ ಹೇಳ್ರಿ. ಜಲ್ದಿ ಚಾಲೂ ಮಾಡಸ್ರಿ."

ಕೊಡುವುದಿಲ್ಲ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅದರ ಬೆನ್ನಿಗೇ ದೀಪಾವಳಿಯ ಆದೇಶವೂ ಕಣ್ಣಮುಂದೆ ಬಂತು. ಪಂಚಶೀಲಾ ಬಸ್ಸಿನ ಗದ್ದಲದಲ್ಲಿ, ಪಕ್ಕದವರೆಲ್ಲ ಕೇಳುವಂತೆ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. ಫೋನು ಮತ್ತೆ ಸೀಮಾಳ ಕೈಗೆ ಬಂದಿತ್ತು.

"ಒಳಗ ಬಂದೆ ಅಕ್ಕಾ. ಈಗೇನ್ ಮಾಡ್ಲಿ?"

"ಹಳೇದು ಅಂತ ಒಂದ್ ಫೋಲ್ಡರ್ ಕಾಣ್ತದ ನೋಡು. ಹಳೇದು ತೆಗಿ. ಅದರಾಗ ಎಷ್ಟ್ ತುಂಬ್ಯಾದ ನೋಡಿ ನನಗ ಹೇಳು."

ಬಸ್ಸು ತಗ್ಗಿಗೆ ಇಳಿದಿತ್ತು. ‘ತೆಗಿ’ ಎಂಬಲ್ಲಿಗೆ ಸಿಗ್ನಲ್ ಕಡಿಯಿತು. ಮುಂದಿನ ಮಾತು ಆ ಕಿವಿಗೆ ಮುಟ್ಟಲೇ ಇಲ್ಲ. ತಿರುಗಿ ಹಚ್ಚಿದರೂ ಫೋನು ಹತ್ತಲಿಲ್ಲ.

ಕನ್ನಡ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾಗಿಲು ತೆಗಿ ಎಂದರೆ ತೆರೆಯುತ್ತೇವೆ. ಅಂಗಳದ ಕಸ ತೆಗಿ ಎಂದರೆ ಎತ್ತಿ ಹೊರಗೆ ಹಾಕುತ್ತೇವೆ. ಪಂಚಶೀಲಾ ಹೇಳಿದ್ದು ಬಾಗಿಲಿನ ತೆಗಿ, ಸೀಮಾ ಕೇಳಿದ್ದು ಕಸದ ತೆಗಿ. ಅವಳನ್ನು ತಪ್ಪೆನ್ನುವುದಾದರೂ ಹೇಗೆ? ಜಾಗವಿಲ್ಲ ಎಂದು ಯಂತ್ರ ಅರಚುತ್ತಿದೆ, ಹಳೇದು ತೆಗಿ ಎಂದು ಕಲಿಸಿದವಳೇ ಹೇಳುತ್ತಿದ್ದಾಳೆ. ಮನೆಯಲ್ಲಾದರೂ ಜಾಗ ಸಾಲದಿದ್ದಾಗ ಹಳೆಯದನ್ನು ಏನು ಮಾಡುತ್ತಾರೆ? ಪೂರ್ತಿ ಅಳಿಸಿಬಿಡಲೇ, ಮತ್ತೆ ಸಿಗುವುದಿಲ್ಲ ಎಂದು ಯಂತ್ರ ಇಂಗ್ಲಿಷಿನಲ್ಲಿ ಕೇಳಿತು. ಹಿಂದೆ ಡಾಕ್ಟರು ನಿಂತಿದ್ದರು, ಮುಂದೆ ಮಂದಿ ಕೂಗುತ್ತಿದ್ದರು. ಸೀಮಾ ಹೌದು ಎಂದು ಒತ್ತಿದಳು.

ಪಂಚಶೀಲಾ ಓಡುತ್ತ ಬಂದಾಗ ಚೀಟಿ ಸರಾಗವಾಗಿ ಬರುತ್ತಿದ್ದವು. ಸೀಮಾಳ ಮುಖ ಅರಳಿತ್ತು. "ತೆಗದೆ ಅಕ್ಕಾ. ಆಗಿಂದಾಗ ಚಾಲೂ ಆತು," ಎಂದಳು. ಪಂಚಶೀಲಾ ಪರದೆಯತ್ತ ಬಗ್ಗಿದಳು. ಪರದೆಯ ಮೇಲೆ ಹಳೇದು ಇದ್ದ ಜಾಗ ಖಾಲಿಯಾಗಿತ್ತು, ಆ ಜಾಗದಲ್ಲಿ ಆಗಲೇ ಹೊಸ ದಾಖಲೆಗಳು ಬಂದು ಕೂಡುತ್ತಿದ್ದವು. ಅವಳು ಎಲ್ಲವನ್ನೂ ನಿಲ್ಲಿಸಿದಳು. ತನಗೆ ಗೊತ್ತಿದ್ದ ಉಪಾಯಗಳನ್ನೆಲ್ಲ ಮಾಡಿದಳು. ಸಿಕ್ಕಿದ್ದು ಚೂರುಪಾರು. ತೆರೆದರೆ ಅರ್ಧ ಎದೆ, ಅರ್ಧ ಹೆಸರು.

ಮರುದಿನ ಹಣಮವ್ವ ಎಂಬ ಮುದುಕಿ ಬಂದಳು. ಹಿಂದಿನ ವರ್ಷ ಅವಳ ಗುಂಡಿಗೆಯ ಪರೀಕ್ಷೆ ಇಲ್ಲೇ ಆಗಿತ್ತು. ಕಲಬುರಗಿಯ ದೊಡ್ಡ ಡಾಕ್ಟರು ಆ ಹಳೆಯ ಚಿತ್ರ ನೋಡಿಯೇ ಮುಂದಿನ ಮಾತು ಎಂದಿದ್ದರಂತೆ. ಕಾಗದ ಕೊಡುವ ಪದ್ಧತಿಯನ್ನು ಬಿಡಿಸಿದ್ದು ಪಂಚಶೀಲಾಳೇ, ಎಲ್ಲ ಕಂಪ್ಯೂಟರಿನಲ್ಲಿ ಭದ್ರವಾಗಿರುತ್ತದೆ ಎಂದು.

"ನನ್ನ ಎದಿ ಫೋಟೋ ಎಲ್ಲಿ ಹೋತು ಯವ್ವಾ? ಅದರಾಗೇ ಅದ ಅಂತ ನೀನೇ ಹೇಳಿದ್ದಿ."

ಪಂಚಶೀಲಾಳಿಗೆ ಮುದುಕಿಯ ಮುಖ ನೋಡಲಾಗಲಿಲ್ಲ. ಮತ್ತೊಮ್ಮೆ ಪರೀಕ್ಷೆ ಮಾಡಿಸಿ ಎಂದಳು. ಹೊಸದರಲ್ಲಿ ಈಗಿನದು ಕಾಣುತ್ತದೆ, ಆಗಿನದು ಕಾಣುವುದಿಲ್ಲ. ಎಷ್ಟು ಕೆಟ್ಟಿದೆ ಎಂದು ಇನ್ನು ಯಾರೂ ಹೇಳಲಾರರು. ಹಣಮವ್ವನ ಹಿಂದೆ ಇಂಥವರೇ ಸಾಲಾಗಿ ಬರತೊಡಗಿದರು.

ವಿಚಾರಣೆಗೆ ಸಾಫ್ಟ್‌ವೇರ್ ಕೊಟ್ಟ ಕಂಪನಿಯ ಕಡೆಯಿಂದ ಪುಣೆಯವನೊಬ್ಬ ಬಂದ. ಅವನಿಗೆ ಕನ್ನಡ ಬಾರದು. ಡಾಕ್ಟರ ಕೋಣೆಯಲ್ಲಿ ಮೇಜಿನ ಆಚೆ ಡಾಕ್ಟರು ಮತ್ತು ಅವನು, ಈಚೆ ಪಂಚಶೀಲಾ ಮತ್ತು ಸೀಮಾ. ಅಳಿಸಿದ್ದು ಪಂಚಶೀಲಾಳ ಹೆಸರಿನಲ್ಲೇ ಎಂದು ಯಂತ್ರ ಬರೆದಿಟ್ಟಿತ್ತು. ಅವನು ಹಿಂದಿಯಲ್ಲಿ ಕೇಳಿದ.

"ಖೋಲೋ ಬೋಲಾ ಥಾ, ಯಾ ನಿಕಾಲೋ?"

ತೆರೆ ಎಂದಿರೋ, ಕಿತ್ತುಹಾಕು ಎಂದಿರೋ. ಪಂಚಶೀಲಾ ತೆಗಿ ಎಂದೆ ಎಂದಳು. ಅದಕ್ಕೆ ಎರಡೂ ಅರ್ಥವಿದೆ, ನಾನು ಹೇಳಿದ್ದು ತೆರೆ ಎಂದು, ಎಂದು ತನ್ನ ಹರಕುಮುರುಕು ಹಿಂದಿಯಲ್ಲಿ ವಿವರಿಸಿದಳು. ಅವನು ಡಾಕ್ಟರ ಮುಖ ನೋಡಿ ನಕ್ಕ. ಒಂದೇ ಮಾತಿಗೆ ತೆರೆ ಮತ್ತು ಕಿತ್ತುಹಾಕು ಎರಡೂ ಎಂದರೆ ಪುಣೆಯವನು ನಂಬುವುದು ಹೇಗೆ? ಹಿಂದಿಯಲ್ಲಿ ಹೇಳಿದಾಗ ಅವಳ ಕಿವಿಗೇ ಅದು ಸುಳ್ಳಿನಂತೆ ಕೇಳಿತು. ಡಾಕ್ಟರು ಹೌದೆಂದು ಒಂದು ಮಾತು ಸೇರಿಸಬಹುದಿತ್ತು. ಅವರದೂ ಕನ್ನಡವೇ.

ಅವನಿಗೆ ಬೇಕಾದದ್ದು ಬೇರೆಯೇ. ಪಾಸ್‌ವರ್ಡ್ ಕೊಟ್ಟವರು ಯಾರು? ಪಂಚಶೀಲಾ ಡಾಕ್ಟರ ಕಡೆ ನೋಡಿ ಕನ್ನಡದಲ್ಲೇ ಹೇಳಿದಳು.

"ನಾನೇ ಕೊಟ್ಟೆ. ಡಾಕ್ಟರು ಫೋನಿನಾಗ ಹೇಳ್ರಿ ಅಂದ್ರು, ಅದಕ್ಕ ಕೊಟ್ಟೆ."

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ನಾ ಕೆಲಸ ಜಲ್ದಿ ಚಾಲೂ ಮಾಡಸ್ರಿ ಅಂದೆ. ಪಾಸ್‌ವರ್ಡ್ ಮಾತು ನಾ ಯಾಕ ಎತ್ತಲಿ? ಅದೆಲ್ಲಾ ನಿಮ್ಮ ಜಿಮ್ಮೇದಾರಿ."

ಆಗ ಪಂಚಶೀಲಾ ಸೀಮಾಳ ಕಡೆ ತಿರುಗಿದಳು. ಆ ಬೆಳಿಗ್ಗೆ ಡಾಕ್ಟರ ಪಕ್ಕದಲ್ಲೇ ನಿಂತಿದ್ದವಳು ಇವಳು. ಅವರು ಕೇಳಿದ್ದನ್ನು ಕಿವಿಯಾರೆ ಕೇಳಿದವಳು ಇವಳೊಬ್ಬಳೇ. ಒಂದು ಮಾತು ಹೇಳಿದರೆ ಸಾಕು, ತಪ್ಪು ಡಾಕ್ಟರಿಗೂ ತನಗೂ ಹಂಚಿಹೋಗುತ್ತದೆ, ಕೆಲಸವಾದರೂ ಉಳಿಯುತ್ತದೆ. ಸೀಮಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನೆಲ ನೋಡುತ್ತಿದ್ದಳು.

"ಅಕ್ಕಾರು ತೆಗಿ ಅಂದ್ರು, ತೆಗದೆ," ಎಂದಳು. "ಡಾಕ್ಟರ್ ಸಾಹೇಬ್ರು ಏನ್ ಅಂದ್ರೋ ನನಗ ನೆನಪಿಲ್ರಿ."

ಪಂಚಶೀಲಾಳಿಗೆ ಅವಳ ಕೆನ್ನೆಗೆ ಬಾರಿಸಬೇಕೆನಿಸಿತು. ಮರುಕ್ಷಣವೇ ಮಣ್ಣೂರಿನ ಆ ಮಾವನೂ, ಮುಚ್ಚಲು ಕಾದು ನಿಂತ ಆ ಮನೆಯ ಬಾಗಿಲೂ ನೆನಪಾದವು. ಸಿಟ್ಟು ಮಾತ್ರ ಇಳಿಯಲಿಲ್ಲ. ಯಾಕೆ ಇಳಿಯಬೇಕು? ತನಗೂ ಒಂದು ಮನೆಯಿತ್ತು, ಆ ಮನೆಯಲ್ಲೂ ಒಬ್ಬ ತಾಯಿ ಕಾಯುತ್ತಿದ್ದಳು.

ಪಂಚಶೀಲಾಳ ಕೆಲಸ ಆ ತಿಂಗಳ ಕೊನೆಗೆ ಮುಗಿಯುತ್ತದೆಂದು ಡಾಕ್ಟರು ಹೇಳಿದರು. ಅಲ್ಲಿಯವರೆಗೆ ಬಂದು ಹೊಸಬರಿಗೆ ಎಲ್ಲವನ್ನೂ ಒಪ್ಪಿಸಬೇಕು, ಇಲ್ಲದಿದ್ದರೆ ಅನುಭವದ ಪತ್ರ ಸಿಗುವುದಿಲ್ಲ. ಹೊಸಬರು ಯಾರು ಎಂದಾಗ ಡಾಕ್ಟರು ಹೇಳಿದರು, "ಸೀಮಾ ಅದಾಳಲ್ಲ. ಅರ್ಧ ನೀವೇ ಕಲಿಸೀರಿ. ಇನ್ನರ್ಧ ಕಲಿಸಿಬಿಡ್ರಿ."

ಕಲಿಸಿದಳು. ಕಳ್ಳಾಟವಾಡಲಿಲ್ಲ, ಯಾವುದನ್ನೂ ಮುಚ್ಚಿಡಲಿಲ್ಲ. ಯಾವ ತಂತಿ ಎಲ್ಲಿಗೆ ಹೋಗುತ್ತದೆ, ಕರೆಂಟು ಹೋದಾಗ ಯಾವುದನ್ನು ಮೊದಲು ಬಂದ್ ಮಾಡಬೇಕು, ಯಾವ ಯಂತ್ರ ಮೊಂಡುತನ ಮಾಡುತ್ತದೆ, ಎಲ್ಲ ತೋರಿಸಿದಳು. ಆಗ ಬಂತು, ಅವಳು ಕೇಳಿದ್ದ ಎರಡನೆಯ ಡಿಸ್ಕು. ಡಾಕ್ಟರೇ ತರಿಸಿದ್ದರು. ಪಂಚಶೀಲಾ ಅದನ್ನು ಜೋಡಿಸಿ, ಅದರೊಳಗೆ ಉಳಿದ ಚೂರುಗಳನ್ನು ಸುರಿದಳು.

ಗೊಬ್ಬೂರಿನಲ್ಲಿ, ಖಾಯಂ ಆಯಿತೇ ಎಂದು ಓಣಿಯವರು ಕೇಳುತ್ತಾರೆಂದು ಭಾಗಮ್ಮ ನೀರಿಗೂ ಹೊತ್ತು ನೋಡಿಕೊಂಡು ಹೊರಗೆ ಹೋಗತೊಡಗಿದಳು. ತೊಗರಿ ಕೊಯ್ಲು ಶುರುವಾಗುವುದರಲ್ಲಿತ್ತು. ಅವಳು ಕುಡುಗೋಲನ್ನು ಮಸೆಯಲು ಕೊಟ್ಟು ಬಂದಳು.

ಕೊನೆಯ ದಿನ ಸಂಜೆ ಕೌಂಟರಿನ ಮುಂದಿನ ಜನ ಕರಗಿದ ಮೇಲೆ ಸೀಮಾ ಬಂದು ನಿಂತಳು. ಕಣ್ಣು ಕೆಂಪಾಗಿದ್ದವು.

"ಅಕ್ಕಾ, ನನ್ನ ಮ್ಯಾಲ ಸಿಟ್ಟದ ಏನ್ರಿ?"

"ಅದ."

"ನನಗ ಅಂಜಿಕಿ ಬರಾಕತ್ತದ. ನಾಳಿಂದ ನಾ ಒಬ್ಬಾಕೇ. ನನ್ನ ಕೈಲಿ ಏನರೆ ಗಲತಿ ಆದ್ರ ಹೆಂಗ? ಏನ್ ಮಾಡಬೇಕಂತ ಒಂದ್ ಮಾತು ಹೇಳಿ ಹೋಗ್ರಿ."

ಪಂಚಶೀಲಾ ಚೀಲದ ಜಿಪ್ಪು ಎಳೆದಳು. ಹೇಳಲು ಅವಳ ಬಳಿ ಏನೇನೋ ಇದ್ದವು, ಇಷ್ಟು ವರ್ಷ ಹೇಳಿದವೇ. ಅವೆಲ್ಲ ಈಗ ನಗೆಪಾಟಲೆನಿಸಿದವು.

"ಯಂತ್ರದ ಕೆಲಸ ಎಲ್ಲಾ ಕಲಿಸೀನಿ. ಉಳದದ್ದು ನೀ ನನ್ನಕಿಂತ ಮೊದಲೇ ಕಲ್ತಿ," ಎಂದಳು. "ಅವರು ಕರದು ಕೇಳಿದಾಗೆಲ್ಲಾ ನೆನಪಿಲ್ಲ ಅನ್ನು. ಇಲ್ಲಿ ಖಾಯಂ ಆಗೋರು ಹಂಗೇ ಆಗ್ತಾರ."