ಗೋಡೆಯ ಮೇಲಿನ ಹುಣಸೆ ಹೂವು

ರಾಜೇಂದ್ರ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಇಷ್ಟು ಹೇಳುವ ಅಗತ್ಯವೇ ಇರಲಿಲ್ಲ. ದೊಡ್ಡಬಳ್ಳಾಪುರದಲ್ಲಿ ಅಂಥವರ ಸುದ್ದಿ ಒಂದು ಲೋಟ ಕಾಫಿಗೆ ಮುಗಿದುಹೋಗುತ್ತದೆ. ಅವನು ನೇಕಾರರ ಮನೆಯಲ್ಲಿ ಹುಟ್ಟಿ, ಮಗ್ಗದ ಸದ್ದಿನಲ್ಲೇ ನಿದ್ದೆ ಮಾಡಿ ಬೆಳೆದವನು. ಆದರೆ ಮಗ್ಗ ಅವನಿಗೆ ಒಗ್ಗಲಿಲ್ಲ. ಬೆಂಗಳೂರಿಗೆ ಬಸ್ಸಿನಲ್ಲಿ ಓಡಾಡಿ ಕಂಪ್ಯೂಟರ್ ಕಲಿತು, ತೊಂಬತ್ತೇಳರಲ್ಲಿ ಪೇಟೆಬೀದಿಯ ಸಣ್ಣ ಕೋಣೆಯೊಂದರಲ್ಲಿ ಅಂಗಡಿ ತೆರೆದ. ಸೀರೆಯ ಅಂಚಿಗೋ ಸೆರಗಿಗೋ ಯಾರಾದರೂ ಚಿತ್ರ ಬರೆದು ತಂದರೆ, ಅದನ್ನು ಕಂಪ್ಯೂಟರಿಗೆ ಇಳಿಸಿ ಚೌಕಳಿ ಮಾಡಿ ಕೊಡುವುದು ಅವನ ಕೆಲಸ. ಒಂದು ಚೌಕ ಅಂದರೆ ಒಂದು ಎಳೆ. ಆ ಚೌಕಳಿ ನೋಡಿಕೊಂಡು ರಟ್ಟಿನ ಕಾರ್ಡಿಗೆ ತೂತು ಹೊಡೆದು ಮಗ್ಗಕ್ಕೆ ಏರಿಸಿದರೆ ಚಿತ್ರ ಸೀರೆಯ ಮೇಲೆ ಮೂಡುತ್ತದೆ.

ಈ ಊರಿನಲ್ಲಿ ಹೊಸ ಡಿಸೈನನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಮಾಲು ಅಂಗಡಿ ಸೇರುವ ತನಕ ಮಗ್ಗದ ಕೋಣೆಯ ಕಿಟಕಿಗೆ ಹಳೇ ಸೀರೆ ಕಟ್ಟಿರುತ್ತಾರೆ. ಅಂಗಡಿ ಸೇರಿದ ಮೇಲೆ ಯಾರು ಬೇಕಾದರೂ ಕದಿಯಲಿ, ಅಷ್ಟು ಹೊತ್ತಿಗೆ ಹಬ್ಬ ಮುಗಿದಿರುತ್ತದೆ, ಮೊದಲು ನೇಯ್ದವನ ಮನೆ ಒಂದಿಷ್ಟು ಕಾಸು ಕಂಡಿರುತ್ತದೆ. ಎಲ್ಲರ ಗುಟ್ಟೂ ರಾಜೇಂದ್ರನ ಕಂಪ್ಯೂಟರಿನಲ್ಲಿತ್ತು. ಎರಡು ವರ್ಷ ಅವನು ಒಂದನ್ನೂ ಹೊರಗೆ ಬಿಟ್ಟವನಲ್ಲ.

ಆದಿಲಕ್ಷ್ಮಮ್ಮ ತನ್ನ ಚಿತ್ರವನ್ನು ಸೆರಗಿನೊಳಗೆ ಮುಚ್ಚಿಕೊಂಡು ತಂದಳು. ಅವಳೂ ಗಂಡ ಕೋದಂಡರಾಮಯ್ಯನೂ ಎರಡು ಕರೆಂಟು ಮಗ್ಗ ಇಟ್ಟುಕೊಂಡು ಬದುಕಿಡೀ ಸೀರೆ ಸಾಹುಕಾರ ವೆಂಕಟರಾಮಪ್ಪನಿಗೆ ಕೂಲಿ ನೇಯ್ದವರು. ನೂಲು ಅವನದು, ಡಿಸೈನು ಅವನದು, ಸೊಂಟನೋವು ಇವರದು. ಆ ವರ್ಷ ಮಾತ್ರ ಗೌರಿ ಹಬ್ಬಕ್ಕೆ ಸ್ವಂತ ನೂಲು ಹಾಕಿ ಸ್ವಂತ ಮಾಲು ಮಾಡುವುದೆಂದು ಗಂಡ ಹೆಂಡತಿ ಗಟ್ಟಿ ಮನಸ್ಸು ಮಾಡಿದ್ದರು. ಚಿತ್ರ ಹುಣಸೆ ಹೂವಿನದು. ಹಳದಿ ದಳ, ಅದರ ಮೇಲೆ ಕೂದಲೆಳೆಯಂಥ ಕೆಂಪು ಗೆರೆ. ಅಂಥ ಅಂಚನ್ನು ಊರಿನಲ್ಲಿ ಯಾರೂ ಕಂಡಿರಲಿಲ್ಲ.

"ಯಾರಿಗೂ ತೋರಿಸ್ಬೇಡ ಕಣಪ್ಪ," ಅಂದಳು.

"ಇದೂ ಹೇಳ್ಬೇಕಾ ಅಕ್ಕ?" ಅಂದ ರಾಜೇಂದ್ರ.

ಅದೇ ತಿಂಗಳು ನೇಕಾರರ ಸಂಘದವರು ಅವನನ್ನು ಕರೆದರು. ಅಮಾವಾಸ್ಯೆ ದಿನ ಮಗ್ಗಕ್ಕೆಲ್ಲ ರಜೆ, ಜನ ಸೇರುತ್ತಾರೆ; ಕಂಪ್ಯೂಟರಿನಲ್ಲಿ ಡಿಸೈನು ಹೇಗೆ ಮಾಡುವುದೆಂದು ಪರದೆ ಮೇಲೆ ತೋರಿಸು ಅಂದರು. ರಾಜೇಂದ್ರನ ಕಾಲು ನೆಲಕ್ಕೆ ತಾಗಲಿಲ್ಲ. ಮಗ್ಗ ಬಿಟ್ಟವನು ಅಂತ ಮೂಗು ಮುರಿದವರೆಲ್ಲ ಎದುರಿಗೆ ಕೂತಿರುತ್ತಾರಲ್ಲ. ಬೆಂಗಳೂರಿನಿಂದ ಪ್ರೊಜೆಕ್ಟರನ್ನು ಬಾಡಿಗೆಗೆ ಗೊತ್ತು ಮಾಡಿದ. ಊಟ ತಿಂಡಿ ಬಿಟ್ಟು ಸ್ಲೈಡು ಮಾಡಿದ. ಒಂದೊಂದು ಸ್ಲೈಡಿನಲ್ಲೂ ಅಕ್ಷರ ಕಿಕ್ಕಿರಿದವು. ಕೆಲವು ಮೇಲಿಂದ ಬಿದ್ದವು, ಕೆಲವು ಕಾರು ಬ್ರೇಕು ಹಾಕಿದ ಸದ್ದು ಮಾಡುತ್ತಾ ಪಕ್ಕದಿಂದ ನುಗ್ಗಿದವು.

ಕಾರ್ಡಿಗೆ ತೂತು ಹೊಡೆಯುವ ಗೆಳೆಯ ಚೌಡೇಶನನ್ನು ಕೂರಿಸಿಕೊಂಡು ಮೊದಲು ಅವನಿಗೆ ತೋರಿಸಿದ.

"ಲೋ ಗುರು, ಇಷ್ಟು ಓದೋ ಹೊತ್ತಿಗೆ ಒಂದು ಸೀರೆ ಇಳಿಸ್ಬೋದು ಕಣೋ," ಅಂದ ಚೌಡೇಶ ಆಕಳಿಸುತ್ತಾ. "ನಮ್ಮ ಜನ ಓದಕ್ಕೆ ಬರ್ತಾರಾ? ಚಿತ್ರ ತೋರ್ಸು. ದೊಡ್ಡದಾಗಿ ಒಂದೇ ಒಂದು. ಆಮೇಲೆ ನೀನು ಬಾಯಲ್ಲಿ ಹೇಳು, ಗೋಡೆ ನೋಡ್ಕೊಂಡಲ್ಲ, ಜನರ ಮುಖ ನೋಡ್ಕೊಂಡು."

ಬುದ್ಧಿ ಒಳ್ಳೆಯದೇ. ರಾಜೇಂದ್ರ ಅಕ್ಷರವನ್ನೆಲ್ಲ ಕಿತ್ತೆಸೆದ. ಆದರೆ ಯಾವ ಚಿತ್ರ? ಹಳೇ ಮಾವಿನಕಾಯಿ, ಹಳೇ ನವಿಲು ಹಾಕಿ ನೋಡಿದ, ಎಲ್ಲರೂ ಕಂಡು ಕಂಡು ಸವೆದವು. ಹುಣಸೆ ಹೂವು ಹಾಕಿದ. ಕೋಣೆಯೇ ಬೆಳಗಿದಂತಾಯಿತು. ಆದಿಲಕ್ಷ್ಮಮ್ಮನ ಮಾತು ನೆನಪಾಯಿತು, ಇಲ್ಲವೆನ್ನಲಾರೆ. ಒಂದು ನಿಮಿಷ ತೋರಿಸಿ ತೆಗೆದರೆ ಯಾರಿಗೇನು ತಿಳಿಯುತ್ತದೆ ಎಂದು ತನಗೆ ತಾನೇ ಹೇಳಿಕೊಂಡ.

ಅಮಾವಾಸ್ಯೆ ದಿನ ಸಂಘದ ಸಭಾಂಗಣ ತುಂಬಿತ್ತು. ಕೋದಂಡರಾಮಯ್ಯ ದಂಪತಿ ಸಮೇತನಹಳ್ಳಿಯ ನೆಂಟರ ಮನೆಗೆ ಹೋಗಿದ್ದರು. ರಾಜೇಂದ್ರ ಜನರ ಮುಖ ನೋಡಿ ಮಾತಾಡಿದ, ತಡವರಿಸಲಿಲ್ಲ, ನಗಿಸಿದ. ಮೊದಲು ಸೀರೆ, ಆಮೇಲೆ ಅಂಚು, ಆಮೇಲೆ ಒಂದು ಹೂವು, ಕೊನೆಗೆ ಅದೇ ಹೂವಿನ ಚೌಕಳಿ, ಗೋಡೆಯುದ್ದ. ಗದ್ದಲದ ಸಭೆ ಗಪ್‌ಚುಪ್ಪಾಯಿತು. ಮುಂದಿನ ಸಾಲಿನಲ್ಲಿದ್ದ ವೆಂಕಟರಾಮಪ್ಪ ಕನ್ನಡಕ ಏರಿಸಿದ.

"ಅದನ್ನ ಹಂಗೇ ಬಿಟ್ಟಿರಪ್ಪ ಸ್ವಲ್ಪ. ಬಲು ಚೆನ್ನಾಗೈತೆ."

ರಾಜೇಂದ್ರ ಬಿಟ್ಟ. ಹಿಗ್ಗಿನಿಂದ ಜನರ ಮುಖ ನೋಡುತ್ತಾ ನಿಂತ. ಆಗಲೇ ಅವನಿಗೆ ಕಂಡದ್ದು: ವೆಂಕಟರಾಮಪ್ಪನ ಹೆಬ್ಬೆರಳು ಬೆರಳ ಗೆಣ್ಣಿನ ಮೇಲೆ ಓಡುತ್ತಿತ್ತು. ಪಕ್ಕದವನ ಹೆಬ್ಬೆರಳೂ. ಹಿಂದಿನ ಸಾಲಿನಲ್ಲಿ ತುಟಿಗಳು ಸದ್ದಿಲ್ಲದೆ ಅಲ್ಲಾಡುತ್ತಿದ್ದವು. ಎಳೆ ಎಣಿಸುತ್ತಿದ್ದಾರೆ. ನೇಕಾರರ ಮನೆ ಮಗನಿಗೆ ಅದು ತಿಳಿಯದೆ ಇರುತ್ತದೆಯೇ? ಒಂದು ಗುಂಡಿ ಒತ್ತಿದ್ದರೆ ಸಾಕಿತ್ತು. ಬೆರಳು ಗುಂಡಿಯ ಮೇಲೇ ಇತ್ತು. ಆದರೆ ಹುಟ್ಟಿದಾಗಿನಿಂದ ಅವನ ಕೆಲಸವನ್ನು ಯಾರೂ ಹಾಗೆ ಉಸಿರು ಬಿಗಿಹಿಡಿದು ನೋಡಿರಲಿಲ್ಲ. ಅವನು ಒತ್ತಲಿಲ್ಲ. ಅವರಿಗೆ ಸಾಕಾಗುವ ತನಕ ನಿಂತ. ಆಮೇಲೆ ಚಪ್ಪಾಳೆ ತಟ್ಟಿದರು, ಕೈ ಕುಲುಕಿದರು.

ಆದಿಲಕ್ಷ್ಮಮ್ಮನ ಮಾಲು ಅಂಗಡಿಗೆ ಹೋಗುವ ಮುಂಚೆಯೇ ಅಗ್ಗದ ನೂಲಿನ ಹುಣಸೆ ಹೂವು ಊರೆಲ್ಲ ಅರಳಿತ್ತು. ಅರ್ಧ ಬೆಲೆಗೆ ಸಿಗುವಾಗ ಇವಳದು ಯಾರಿಗೆ ಬೇಕು? ಸೀರೆ ಗಂಟು ಅಂಗಡಿಗೆ ಹೋದ ಹಾಗೇ ಮನೆಗೆ ವಾಪಸು ಬಂತು. ರಾಜೇಂದ್ರ ಅವರ ಬೀದಿ ಬಿಟ್ಟು ಸುತ್ತಿ ಬಳಸಿ ಓಡಾಡಿದ. ಸಂಘದವರು ಇನ್ನೊಮ್ಮೆ ಕರೆದಾಗ ಮೈ ಹುಷಾರಿಲ್ಲ ಅಂದ. ಹಬ್ಬ ಕಳೆದ ಮೇಲೆ ತಡೆಯಲಾರದೆ ಅವರ ಮನೆ ಬಾಗಿಲಿಗೆ ಹೋದ.

ಎರಡೂ ಮಗ್ಗ ಓಡುತ್ತಿದ್ದವು. ಕಿಟಕಿಗೆ ಬಟ್ಟೆ ಕಟ್ಟಿರಲಿಲ್ಲ. ಮಗ್ಗದ ಮೇಲಿದ್ದದ್ದು ಹುಣಸೆ ಹೂವೇ, ನೂಲು ಮಾತ್ರ ವೆಂಕಟರಾಮಪ್ಪನದು. ದೀಪಾವಳಿಗೆ ಅದೇ ಬೇಕೆಂದು ಅವನು ಕೂಲಿಗೆ ಕೊಟ್ಟಿದ್ದ. ಇವನನ್ನು ಕಂಡು ಕೋದಂಡರಾಮಯ್ಯ ಮಗ್ಗ ನಿಲ್ಲಿಸಿದ. ಆದಿಲಕ್ಷ್ಮಮ್ಮ ಒಳಗಿನಿಂದ ಕಾಫಿ ತಂದಳು.

"ತಪ್ಪಾಯ್ತು ಅಕ್ಕ."

"ನೀನೇನ್ ಮಾಡ್ತೀಯಪ್ಪ," ಅಂದಳು. "ಮಗ್ಗದ ಮೇಲೆ ಕೂತೋನಲ್ಲ. ಹಂಗೆ ಎಣಿಸ್ಕೊಂಡು ಹೋಗ್ತಾರೆ ಅಂತ ನಿಂಗೇನ್ ಗೊತ್ತು? ಖುಷೀಲಿ ತೋರಿಸ್ಬಿಟ್ಟೆ. ನಾನು ಇವರ್ಗೂ ಅದನ್ನೇ ಹೇಳ್ದೆ. ಕುಡಿ, ಆರೋಗ್ತದೆ."

ಅಷ್ಟಕ್ಕೆ ಕುಡಿದು ಎದ್ದು ಬರಬಹುದಿತ್ತು. ಪಾಪ, ಆಗಲಿಲ್ಲ ಅವನಿಗೆ.

"ಎಣಿಸ್ತಿದ್ದಿದ್ದು ಕಾಣಿಸ್ತು ಅಕ್ಕ."

"ಕಾಣಿಸ್ತಾ?"

"ಹೂಂ. ಗೊತ್ತಿದ್ದೇ ಬಿಟ್ಟಿದ್ದೆ. ಎಲ್ರೂ ನೋಡ್ತಿದ್ರು, ತೆಗೆಯಕ್ಕೆ ಮನಸ್ಸು ಬರ್ಲಿಲ್ಲ."

ಆದಿಲಕ್ಷ್ಮಮ್ಮ ಅವನನ್ನೇ ನೋಡಿದಳು. ಅವನ ಕೈಯಿಂದ ಲೋಟ ತೆಗೆದುಕೊಂಡು ಗಂಡನ ಕಡೆ ತಿರುಗಿ, "ಮಗ್ಗ ಹಾಕಿ" ಅಂದಳು.

ಮಗ್ಗ ಶುರುವಾಯಿತು. ರಾಜೇಂದ್ರ ಇನ್ನೂ ಏನೋ ಹೇಳುತ್ತಿದ್ದ, ಆ ಸದ್ದಿನಲ್ಲಿ ಅವನ ಮಾತು ಅವನಿಗೇ ಕೇಳಿಸಲಿಲ್ಲ.