ಪೆರೇಡ್ ಷೂಗೆ ಹರಳೆಣ್ಣೆ

ನಾನು ಗಾವಡಗೆರೆಯ ದೊಡ್ಡ ಸಂಸಾರವೊಂದರ ಯಜಮಾನಿ. ಮನೆಯಲ್ಲಿ ನನಗೆ ಎದುರಾಡುವವರಿಲ್ಲ. ಆದರೂ ಇವತ್ತು ಬೆಳಿಗ್ಗೆ ಮೊಮ್ಮಗಳು ಸ್ಕೂಲಿನ ಪೆರೇಡಿಗೆಂದು ಜಗಲಿಯಲ್ಲಿ ಷೂ ಪಾಲಿಶ್ ಡಬ್ಬಿ ತೆರೆದಾಗ ಆ ವಾಸನೆಗೆ ತಬ್ಬಿಬ್ಬಾದೆ.

ಹೈಸ್ಕೂಲಿನಲ್ಲಿ ಅವಳಂತೆ ನಾನೂ ಕೆಡೆಟ್ ಆಗಿದ್ದೆ. ಖಾಕಿ ಬಟ್ಟೆಗೆ ಅವ್ವ ಅನ್ನದ ಗಂಜಿ ಹಾಕಿ, ಕೆಂಡ ತುಂಬಿದ ಚೊಂಬಿನಿಂದ ಇಸ್ತ್ರಿ ಮಾಡುತ್ತಿದ್ದಳು. ಒಮ್ಮೆ ಪೆರೇಡಿನ ಹಿಂದಿನ ದಿನ, ಅಪ್ಪನ ಎಕ್ಕಡ ಮೆತ್ತಗಾಗಲೆಂದು ಹಚ್ಚುವಂತೆ ನನ್ನ ಷೂಗೂ ಹರಳೆಣ್ಣೆ ಕುಡಿಸಿಬಿಟ್ಟಳು.

"ಕಾಲು ಕಚ್ಚಬಾರ್ದು ಕಣವ್ವ" ಎಂದಳು.

ಎಷ್ಟು ಉಜ್ಜಿದರೂ ಪಾಲಿಶ್ ಹತ್ತಲಿಲ್ಲ. ದಾರಿಯ ಕೆಮ್ಮಣ್ಣೆಲ್ಲ ಷೂಗೆ ಅಂಟಿತು.

"ಇದೇನಮ್ಮ, ಷೂನೋ ಹೋಳಿಗೆನೋ? ಯಾರು ಮಾಡಿದ್ದು?" ಎಂದರು ಮೇಷ್ಟ್ರು.

ಅವ್ವನ ಹೆಸರು ಹೇಳಲೋ ಬೇಡವೋ ತಿಳಿಯದೆ "ನಾನೇ ಸಾರ್" ಎಂದೆ. ಮುಂದಿನ ಸಾಲಿನಿಂದ ಹಿಂದಕ್ಕೆ ಕಳಿಸಿದರು.

"ಮೇಷ್ಟ್ರು ಏನಂದ್ರು?" ಎಂದು ಮನೆಗೆ ಬಂದಾಗ ಅವ್ವ ಕೇಳಿದಳು.

"ಭೇಷ್ ಅಂದ್ರು."

ಅವ್ವ ಹಿಗ್ಗಿ ಬೀದಿಗೆಲ್ಲ ಹೇಳಿಕೊಂಡು ಬಂದಳು. ಆಮೇಲೆ ಪ್ರತಿ ಪೆರೇಡಿಗೂ ಷೂಗೆ ಎಣ್ಣೆ, ನನಗೆ ಕೊನೆಯ ಸಾಲು.

ಎರಡರಲ್ಲಿ ಯಾವ ಸುಳ್ಳು ತಪ್ಪೆಂದು ಇಂದಿಗೂ ಗೊತ್ತಾಗಿಲ್ಲ. ತೊಂಬತ್ತರ ಹತ್ತಿರವಿರುವ ಅವ್ವ ಇವತ್ತು ನನ್ನ ಪಕ್ಕದಲ್ಲೇ ಕೂತಿದ್ದಳು. ನಿಜ ಹೇಳಬೇಕೋ ಬೇಡವೋ ಎಂದು ಕಾಫಿ ಆರುವವರೆಗೂ ಯೋಚಿಸಿದೆ. ಕೊನೆಗೆ ಹೇಳಿಬಿಟ್ಟೆ.